ಟೆನ್-ಡೇ ದಸರಾ: ಎಸ್ ಬೇಕೋ ಬೇಡವೋ

ಮೈಸೂರಿನ ಹೋಮ್‌ಸ್ಟೇ, ಸೀರೆ ಅಂಗಡಿಯವರಿಗೆ ಇಂಗ್ಲಿಷ್ ಕರಪತ್ರ ಬರೆದುಕೊಡುವುದು ನನ್ನ ಕೆಲಸ. ದಸರಾ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ: ದಿನ ಹತ್ತು ಇರುವಾಗ 'ಟೆನ್-ಡೇಸ್ ಫೆಸ್ಟಿವಲ್' ಅನ್ನಬೇಕಲ್ಲವೇ? ಬೇಡ. 'ಟೆನ್-ಡೇ ಫೆಸ್ಟಿವಲ್' ಸಾಕು.

ಅನುಮಾನ ಬಂದಾಗ ನಾನು ಪದಗುಚ್ಛವನ್ನು ಬಿಡಿಸಿ ವಾಕ್ಯ ಮಾಡಿ ನೋಡುತ್ತೇನೆ. 'ದಿ ಫೆಸ್ಟಿವಲ್ ಲಾಸ್ಟ್ಸ್ ಟೆನ್ ಡೇಸ್' ಎಂಬಲ್ಲಿ ದಿನ ಸ್ವತಂತ್ರ ನಾಮಪದ, ಹಾಗಾಗಿ ಬಹುವಚನ. ಅದನ್ನೇ ಫೆಸ್ಟಿವಲ್‌ಗಿಂತ ಮೊದಲು ಕೂರಿಸಿ ಹೈಫನ್ ಹಾಕಿದರೆ ಅದು ವಿಶೇಷಣವಾಗುತ್ತದೆ, ಎಸ್ ಉದುರುತ್ತದೆ. ಅರಮನೆಯ ಗೋಪುರದ ಎತ್ತರ 145 ಅಡಿ. 'ದಿ ಟವರ್ ಈಸ್ 145 ಫೀಟ್ ಹೈ' ಸರಿ, ಆದರೆ '145-ಫುಟ್ ಟವರ್'. ಇಲ್ಲಿ ಮಾತ್ರ ಗಿರಾಕಿಗಳು ಜಗಳಕ್ಕೇ ನಿಲ್ಲುತ್ತಾರೆ!

ನಮಗೇನೂ ಇದು ಹೊಸದಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಎಲ್ಲಿ ಅಂತ ಕೇಳುತ್ತೇವೆಯೇ ಹೊರತು ಹೂವುಗಳ ಅಂಗಡಿ ಅನ್ನುವುದಿಲ್ಲ. ಕೈಯಲ್ಲಿರುವುದೂ ನೂರು ರೂಪಾಯಿ ನೋಟು. 'ಫ್ಲವರ್ ಶಾಪ್', 'ಹಂಡ್ರೆಡ್-ರುಪೀ ನೋಟ್' ಅದೇ ಜಾಡಿನವು.

ತಲೆ ತಿನ್ನುವುದು ಎಸ್ ಬಿಡದ ಪದಗಳು. 'ಗೂಡ್ಸ್ ಟ್ರೇನ್'ನಲ್ಲಿ ಎಸ್ ತೆಗೆದರೆ ಒಳ್ಳೆಯ ರೈಲಾಗಿಬಿಡುತ್ತದೆ. 'ಕಸ್ಟಮ್ಸ್ ಆಫೀಸರ್', 'ಸೇವಿಂಗ್ಸ್ ಅಕೌಂಟ್' ಕೂಡ ಹೀಗೆಯೇ. ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಿಗೆ ಬರೆಯುವಾಗ ನಾನು ಮೊದಲು ಕೇಳುವುದು, ಮಾರುವುದು ಥಾನೋ, ಹೊಲಿದ ಉಡುಪೋ ಎಂದು. ಥಾನಾದರೆ 'ಕ್ಲಾತ್ ಶಾಪ್', ಉಡುಪಾದರೆ 'ಕ್ಲೋದ್ಸ್ ಶಾಪ್'. ಏಕವಚನಕ್ಕೂ ಬಹುವಚನಕ್ಕೂ ಅರ್ಥವೇ ಬೇರೆಯಾದಾಗ ಎಸ್ ಮುಟ್ಟಬಾರದು. ಹೆಂಗಸರ ವಿಷಯದಲ್ಲಿ ಇನ್ನೊಂದು ವಿಚಿತ್ರ: 'ವುಮನ್ ಡ್ರೈವರ್' ಹಲವರಾದರೆ ಎರಡೂ ಪದ ಬದಲಾಗಿ 'ವಿಮೆನ್ ಡ್ರೈವರ್ಸ್' ಆಗುತ್ತದೆ. ಚಪ್ಪಲಿ ಅಂಗಡಿಗಳು ಎಷ್ಟಿದ್ದರೂ 'ಶೂ ಶಾಪ್ಸ್' ಮಾತ್ರ.

ಅರಮನೆಯಿಂದ ಹತ್ತು ನಿಮಿಷದ ನಡಿಗೆ ಎನ್ನಲು ಎರಡು ದಾರಿಯಿದೆ. 'ಎ ಟೆನ್-ಮಿನಿಟ್ ವಾಕ್' ಒಂದು. ಇನ್ನೊಂದು 'ಟೆನ್ ಮಿನಿಟ್ಸ್ ವಾಕ್'. ಅದರಲ್ಲಿ ಹೈಫನ್ ಇಲ್ಲ, ಎಸ್ ಆದಮೇಲೆ ಅಪಾಸ್ಟ್ರಫಿ ಬರಬೇಕು. ನಾನು ಮೊದಲನೆಯದನ್ನೇ ಬರೆಯುತ್ತೇನೆ, ಅಚ್ಚಿನವರು ಅಪಾಸ್ಟ್ರಫಿ ನುಂಗಿಹಾಕುವುದು ಸಾಮಾನ್ಯ.

ಹೆಸರುಗಳನ್ನು ಮಾತ್ರ ಇದ್ದಂತೆಯೇ ಬಿಡುತ್ತೇನೆ. ಯಾವುದೋ ತೋಟ ಸುತ್ತಿಸುವುದಾದರೆ 'ಗಾರ್ಡನ್ ಟೂರ್', ಕೆಆರ್‌ಎಸ್‌ಗೆ ಕರೆದೊಯ್ಯುವುದಾದರೆ 'ಬೃಂದಾವನ್ ಗಾರ್ಡನ್ಸ್ ಟೂರ್'.