24 ಸೆಂಟಿಮೀಟರಿನ ಪಟ್ಟಿ, 2-8ರ ಬಳೆ

ಭಿನ್ನರಾಶಿ ಕಲಿಸಲು ಕಾಗದದ ಪಟ್ಟಿ ಮಾಡುವಾಗ ಎ4 ಹಾಳೆಯನ್ನು ಇದ್ದ ಉದ್ದಕ್ಕೇ ಸೀಳಿದರೆ ಅಲ್ಲೇ ತೊಡಕು ಶುರು. 29.7 ಸೆಂ.ಮೀ.ನ ಎಂಟನೇ ಒಂದು ಭಾಗ 3.7ರ ಮೇಲೆ ಚಿಲ್ಲರೆ. ನಾಲ್ಕನೇ ತರಗತಿಯ ಮಗು ಅದನ್ನು ಸ್ಕೇಲಿನಲ್ಲಿ ಗುರುತಿಸುವುದು ಹೇಗೆ? ನಾನು ಬಳಸುವ ಅಳತೆ 24 ಸೆಂ.ಮೀ. ಅದನ್ನು 2, 3, 4, 6, 8, 12 ಎಲ್ಲವೂ ಶೇಷವಿಲ್ಲದೆ ಭಾಗಿಸುತ್ತವೆ. ತುಂಡುಗಳು 12, 8, 6, 4, 3, 2 ಸೆಂ.ಮೀ. ಬರುತ್ತವೆ. ಅಗಲ 3 ಸೆಂ.ಮೀ. ಇಟ್ಟರೆ ಹಾಳೆಯ 21 ಸೆಂ.ಮೀ. ಅಂಚಿನಲ್ಲಿ ಸರಿಯಾಗಿ ಏಳು ಪಟ್ಟಿ. ಒಂದು ಇಡಿಯದು, ಉಳಿದ ಆರು ಆ ಆರು ಭಾಗಗಳಿಗೆ.

ಒಂದು ಸೆಟ್ಟಿನಲ್ಲಿ ಒಂದೊಂದು ಪಟ್ಟಿಗೂ ಒಂದೊಂದು ಬಣ್ಣ. ಏಳು ಬಣ್ಣದ ದಪ್ಪ ಹಾಳೆ, ಬಣ್ಣಕ್ಕೆ ಮೂರರಂತೆ 21 ಹಾಳೆ ತಂದರೆ 21 ಸೆಟ್ ಆಗುತ್ತದೆ. 35 ಮಕ್ಕಳ ತರಗತಿಗೆ ಇಬ್ಬರಿಗೊಂದರಂತೆ 18 ಸಾಕು, ಮೂರು ಸೆಟ್ ಕಳೆದ ತುಂಡುಗಳ ಭರ್ತಿಗೆ. ಹಾಳೆ ಬೆಂಗಳೂರಿನ ಅವೆನ್ಯೂ ರಸ್ತೆಯ ಪೇಪರ್ ಅಂಗಡಿಗಳಲ್ಲಿ ಸಿಗುತ್ತದೆ. ಉದ್ದದ ಪಟ್ಟಿಗಳನ್ನು ಬೈಂಡಿಂಗ್ ಅಂಗಡಿಯ ಕಟಿಂಗ್ ಮಷೀನಿನಲ್ಲಿ ಒಟ್ಟಿಗೆ ಕತ್ತರಿಸಿಕೊಳ್ಳುವುದು ಮೇಲು, ಕೈಯಲ್ಲಿ ಕತ್ತರಿಸಿದರೆ ಅಂಚು ಓರೆಯಾಗುತ್ತದೆ. ಉಳಿಯುವ 5.7 ಸೆಂ.ಮೀ. ಅಗಲದ ಚೂರನ್ನು ಎಸೆಯಬೇಡಿ, ಮುಂದೆ ಕೆಲಸವಿದೆ. ತೆಳು ಹಾಳೆ ಬೇಡ, ಫ್ಯಾನ್ ಹಾಕಿದರೆ 2 ಸೆಂ.ಮೀ. ತುಂಡುಗಳು ಹಾರಿಹೋಗುತ್ತವೆ. ಇಳಿಜಾರು ಡೆಸ್ಕ್ ಇದ್ದರೆ ನೆಲವೇ ವಾಸಿ.

ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಗ್ರಿಯ ಕಿಟ್ ಇರುವ ಸರ್ಕಾರಿ ಶಾಲೆಗಳಲ್ಲೂ ಈ ಪಟ್ಟಿಗಳನ್ನು ಮಕ್ಕಳ ಕೈಯಲ್ಲೇ ತುಂಡು ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಕತ್ತರಿಸುವುದರಲ್ಲೇ ಅರ್ಧ ಪಾಠ ಮುಗಿಯುತ್ತದೆ. ಹೆಚ್ಚಾಗಿ ತಪ್ಪುವುದು ಗುರುತು ಹಾಕುವಾಗ. ಮಕ್ಕಳು ಒಂದು ತುಂಡು ಅಳೆದು, ಸ್ಕೇಲು ಸರಿಸಿ, ಮತ್ತೆ ಅಳೆಯುತ್ತಾರೆ. ಹನ್ನೆರಡು ತುಂಡು ಮಾಡುವಾಗ ಪ್ರತಿಸಲ 1 ಮಿ.ಮೀ. ಹೆಚ್ಚಾದರೂ ಹನ್ನೊಂದು ಸಲಕ್ಕೆ ಕೊನೆಯ ತುಂಡು ಅರ್ಧವೂ ಉಳಿಯದು. ಸ್ಕೇಲನ್ನು ಕದಲಿಸದೆ 2, 4, 6, 8 ಎಂದು ಒಂದೇ ಸೊನ್ನೆಯಿಂದ ಗುರುತು ಹಾಕಿಸಿ. ಸ್ಕೇಲಿನ ಅಂಚಿಗೂ ಸೊನ್ನೆಗೂ ನಡುವೆ ಜಾಗ ಇರುತ್ತದೆ, ಅದನ್ನೂ ತೋರಿಸಿ. ಕೆಲವರು 1ರಿಂದಲೇ ಅಳೆಯಲು ತೊಡಗುತ್ತಾರೆ.

ಮೊದಲ ದಿನ ತುಂಡಿನ ಮೇಲೆ 1/4, 1/6 ಎಂದು ಬರೆಸುವುದಿಲ್ಲ. ಬರೆದರೆ ಮಕ್ಕಳು ಅಂಕಿ ಓದುತ್ತಾರೆ, ಉದ್ದ ನೋಡುವುದಿಲ್ಲ. "ಅರ್ಧದ ತುಂಡನ್ನು ಒಂದೇ ಬಣ್ಣದ ತುಂಡುಗಳಿಂದ ಮುಚ್ಚಿ" ಎಂದಷ್ಟೇ ಹೇಳಿ. 2/4, 3/6, 4/8, 6/12 ತಾವಾಗಿ ಬರುತ್ತವೆ. 1/3ರ ತುಂಡುಗಳಿಂದ ಯಾಕೆ ಆಗಲಿಲ್ಲ ಎಂಬುದನ್ನು ಅವರೇ ಹೇಳಲಿ.

ಕೂಡುವಿಕೆಗೆ ಬಂದಾಗ 1/2 + 1/4 = 2/6 ಎನ್ನುವ ಉತ್ತರ ಬಂದೇ ಬರುತ್ತದೆ. ತಿದ್ದಬೇಡಿ. ಅರ್ಧದ ಪಕ್ಕದಲ್ಲಿ ಎರಡು ಆರನೇ ಭಾಗದ ತುಂಡು ಇಡಿಸಿ. 12 ಸೆಂ.ಮೀ. ಪಕ್ಕದಲ್ಲಿ 8! ಕೂಡಿಸಿದ ಮೇಲೆ ಮೊದಲಿದ್ದದ್ದಕ್ಕಿಂತ ಚಿಕ್ಕದಾಯಿತಲ್ಲ ಎಂದು ಮಗುವೇ ಹೇಳುತ್ತದೆ. 1/3 + 1/4 ಜೋಡಿಸಿ ಒಂದೇ ಬಣ್ಣದಿಂದ ಮುಚ್ಚಿಸಿದರೆ ಏಳು ಹನ್ನೆರಡನೇ ಭಾಗ. ಆಮೇಲೆ ಬೇಕೆಂದೇ 1/3 + 1/8 ಕೊಡುತ್ತೇನೆ. 11 ಸೆಂ.ಮೀ. ಸೆಟ್ಟಿನ ಯಾವ ಬಣ್ಣವೂ ಅದನ್ನು ಮುಚ್ಚದು. ಸ್ವಲ್ಪ ಹೊತ್ತು ಬಿಟ್ಟರೆ "ಇನ್ನೂ ಸಣ್ಣ ತುಂಡು ಬೇಕು" ಎಂಬ ಬೇಡಿಕೆ ಬರುತ್ತದೆ. ಆಗ ಉಳಿಸಿಟ್ಟ ಚೂರಿನಿಂದ 1 ಸೆಂ.ಮೀ. ತುಂಡುಗಳನ್ನು ಕತ್ತರಿಸಿಕೊಡಿ. ಉತ್ತರ 11/24. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರು ಹೇಳಬೇಕಾದದ್ದು ಈಗ, ಮೊದಲಲ್ಲ.

ಆರು-ಏಳನೇ ತರಗತಿಗೆ ಭಾಗಾಕಾರ. 3/4 ÷ 1/6 ಎಂದರೆ 18 ಸೆಂ.ಮೀ.ನಲ್ಲಿ 4 ಸೆಂ.ಮೀ. ತುಂಡು ಎಷ್ಟು ಸಲ ಕೂರುತ್ತದೆ? ನಾಲ್ಕು ಸಲ, 2 ಸೆಂ.ಮೀ. ಮಿಕ್ಕುತ್ತದೆ. ಜಾಣ ಮಕ್ಕಳೂ ಇಲ್ಲಿ ನಾಲ್ಕೂ ಹನ್ನೆರಡನೇ ಒಂದು ಎನ್ನುತ್ತಾರೆ, ಮಿಕ್ಕದ್ದು ಇಡಿಯ 1/12 ತಾನೇ. ಆದರೆ ನಾವು ಎಣಿಸುತ್ತಿದ್ದದ್ದು 4 ಸೆಂ.ಮೀ. ತುಂಡುಗಳನ್ನು, ಮಿಕ್ಕದ್ದು ಅದರಲ್ಲಿ ಅರ್ಧ. ಉತ್ತರ ನಾಲ್ಕೂವರೆ. ತಲೆಕೆಳಗು ಮಾಡಿ ಗುಣಿಸುವ ಸೂತ್ರ ಕಲಿತವರಿಗೆ ಈ ಗೊಂದಲ ಎದುರಾಗುವುದೇ ಇಲ್ಲ. ಅದಕ್ಕೇ ಸೂತ್ರವನ್ನು ತಡವಾಗಿ ಕೊಡುತ್ತೇನೆ.

5 ಮತ್ತು 10ನೇ ಭಾಗ 24ರಲ್ಲಿ ಬರುವುದಿಲ್ಲ. 20 ಸೆಂ.ಮೀ. ಪಟ್ಟಿಯ ಬೇರೆ ಸೆಟ್ ಮಾಡಿ, ಬಿಳಿ ಹಾಳೆಯಲ್ಲಿ. ಎರಡು ಸೆಟ್ ಬೆರೆತರೆ ಎರಡು ಬೇರೆ ಬೇರೆ ಅರ್ಧಗಳು ಕೈಗೆ ಬಂದು ಪಾಠ ಕೆಡುತ್ತದೆ.

ಅಳತೆಯ ಇದೇ ಶಿಸ್ತು ಪೈ ಬೆಲೆ (ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸುಮಾರು 3.14) ಕಂಡುಹಿಡಿಯುವಾಗಲೂ ಬೇಕು. ಚಿಕ್ಕಪೇಟೆಯಿಂದ ಪ್ಲಾಸ್ಟಿಕ್ ಬಳೆ ತನ್ನಿ, ಗಾಜಿನದು ಬೇಡ. ಬಳೆಯ ಅಳತೆ 2-4, 2-6, 2-8 ಎಂದರೆ ಒಳವ್ಯಾಸ 2 ಇಂಚಿನ ಮೇಲೆ ಅಷ್ಟು ಹದಿನಾರನೇ ಭಾಗ. 2-8 ಎಂದರೆ ಎರಡೂವರೆ ಇಂಚು, 63.5 ಮಿ.ಮೀ. ದಾರವನ್ನು ಬಳೆಯ ಹೊರಗೆ ಸುತ್ತಿ, ವ್ಯಾಸವನ್ನು ಒಳಗೆ ಅಳೆದರೆ, ಬಳೆ 3 ಮಿ.ಮೀ. ದಪ್ಪವಿದ್ದಾಗ ಪರಿಧಿ ಸುಮಾರು 218 ಬಂದು ಭಾಗಲಬ್ಧ 3.44 ಆಗುತ್ತದೆ. ಹೊರಗೆ ಸುತ್ತಿದರೆ ವ್ಯಾಸವೂ ಹೊರಗಿನದೇ ಆಗಬೇಕು. ಸ್ಕೇಲನ್ನು ಅಂದಾಜಿನಲ್ಲಿ ನಡುವೆ ಇಟ್ಟರೆ ವ್ಯಾಸ ಕಡಿಮೆಯೇ ಬರುತ್ತದೆ, ಹೆಚ್ಚು ಎಂದೂ ಬಾರದು. ಬಳೆಯನ್ನು ಎರಡು ಪುಸ್ತಕಗಳ ನಡುವೆ ನಿಲ್ಲಿಸಿ ಅಂತರ ಅಳೆಯಿರಿ. ಎಳೆದರೆ ಹಿಗ್ಗುವ ಉಲ್ಲನ್ ದಾರ ಬೇಡ, ಪಾರ್ಸೆಲ್ ಕಟ್ಟುವ ದಾರ ಸರಿ.

ಬಳೆಯಲ್ಲಿ ವ್ಯಾಸ 1 ಮಿ.ಮೀ. ಕಡಿಮೆ ಅಳೆದರೆ 3.19 ಬರುತ್ತದೆ. 30 ಸೆಂ.ಮೀ. ಸ್ಟೀಲ್ ತಟ್ಟೆಯಲ್ಲಿ ಅದೇ ತಪ್ಪಿಗೆ 3.15. ಆದ್ದರಿಂದ ಬಳೆ, ಡಬ್ಬಿಯ ಮುಚ್ಚಳ, ತಟ್ಟೆ ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ ಅಳೆಸಿ, ಉತ್ತರಗಳನ್ನು ಬೋರ್ಡಿನ ಮೇಲೆ ಅದೇ ಕ್ರಮದಲ್ಲಿ ಬರೆಸಿ. ತಕ್ಷಣ ಸರಾಸರಿ ತೆಗೆಯಬೇಡಿ. 3.44 ಬಂದ ಗುಂಪು ಯಾಕೆ ಹಾಗೆ ಬಂತೆಂದು ಮೊದಲು ಪತ್ತೆಮಾಡಲಿ, ಆಮೇಲೆ ಸರಾಸರಿ.