ಶೋರೂಮಿನ ಗಾಡಿಯಲ್ಲೇ ಸ್ಪಿತಿ ಸುತ್ತಿ ಬರುವುದು ಹೇಗೆ?

ಥಾರ್, ಜಿಮ್ನಿ ಅಥವಾ ಗೂರ್ಖಾದಂತಹ ಜೀಪು ಕೊಂಡವರ ಮನೆಯಲ್ಲಿ ಮೊದಲ ತಿಂಗಳು ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ: ಹಿಮಾಲಯಕ್ಕೆ ಹೋಗುವ ಮುಂಚೆ ಗಾಡಿಗೆ ಏನೇನು ಹಾಕಿಸಬೇಕು? ಗಾಡಿ ಎತ್ತರಿಸುವ ಸ್ಪ್ರಿಂಗು, ದಪ್ಪ ಟಯರು, ಕಬ್ಬಿಣದ ಬಂಪರು, ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ವಿಂಚು, ಮೇಲೊಂದು ಕ್ಯಾರಿಯರು ಎಂದು ಪಟ್ಟಿ ಬೆಳೆಯುತ್ತಾ ಹೋಗಿ ಲಕ್ಷ ದಾಟುತ್ತದೆ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಮಟ್ಟಿಗೆ ಹೇಳುವುದಾದರೆ ಇವುಗಳಲ್ಲಿ ಒಂದೂ ಬೇಕಿಲ್ಲ. ಆ ದಾರಿಯಲ್ಲಿ ಜನರು ಸೋಲುವುದು ಗಾಡಿ ಸಾಲದೆ ಅಲ್ಲ, ದಿನಗಳು ಸಾಲದೆ. ಒಂಬತ್ತು ದಿನದ ದಾರಿಯನ್ನು ಆರು ದಿನದಲ್ಲಿ ಮುಗಿಸಲು ಹೊರಟವರಿಗೆ ತಲೆನೋವೂ ಬರುತ್ತದೆ, ಮಧ್ಯಾಹ್ನ ಉಕ್ಕಿದ ಹಳ್ಳವೂ ಎದುರಾಗುತ್ತದೆ.

ಸ್ಪಿತಿ ಮರುಭೂಮಿಯೂ ಹೌದು, ಪರ್ವತವೂ ಹೌದು. ದಕ್ಷಿಣದ ಹಿಮಾಲಯದ ಸಾಲುಗಳು ಮುಂಗಾರಿನ ಮೋಡಗಳನ್ನು ತಡೆದುಬಿಡುವುದರಿಂದ ಇದು ಮಳೆನೆರಳಿನ ನಾಡು. ಪಕ್ಕದ ಕಿನ್ನೌರ್ ಜಿಲ್ಲೆಯ ದೇವದಾರು, ಸೇಬಿನ ತೋಟಗಳನ್ನು ದಾಟಿ ಪೂಹ್ ಎಂಬ ಊರಿನ ಕಡೆಗೆ ಸಾಗುತ್ತಿದ್ದಂತೆ ಮರಗಳು ವಿರಳವಾಗಿ, ಕೊನೆಗೆ ಕಂದು ಮಣ್ಣು ಮತ್ತು ಆಕಾಶ ಇಷ್ಟೇ ಉಳಿಯುತ್ತವೆ. ಭಾರತ ಸರ್ಕಾರ 2009ರಲ್ಲಿ ಈ ಭಾಗವನ್ನು ಶೀತ ಮರುಭೂಮಿ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿತು. ಎತ್ತರದ ಅಂದಾಜು ಸಿಗಬೇಕಾದರೆ ಒಂದು ಹೋಲಿಕೆ ಸಾಕು: ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್, ಸ್ಪಿತಿಯ ಮುಖ್ಯ ಊರು ಕಾಜಾದಲ್ಲಿ ನಾವು ಹಾಸಿಗೆ ಬಿಡಿಸುವುದೇ ಸುಮಾರು 3,650 ಮೀಟರಿನಲ್ಲಿ.

ಮೊದಲು ತಿಂಗಳು, ಆಮೇಲೆ ದಿಕ್ಕು

ಶಿಮ್ಲಾ, ಕಿನ್ನೌರ್, ಕಾಜಾ, ಕುಂಜುಮ್ ಪಾಸ್, ಮನಾಲಿ ಎಂಬ ಪೂರ್ತಿ ಸುತ್ತು ಬರಬೇಕಾದರೆ ಕುಂಜುಮ್ ತೆರೆದಿರಬೇಕು. ಹಿಮ ತೆರವಾಗುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಮತ್ತೆ ಮುಚ್ಚುವುದು ಅಕ್ಟೋಬರ್ ಅಥವಾ ಅದರ ಆಸುಪಾಸಿನಲ್ಲಿ. ಸ್ಪಿತಿಯಲ್ಲಿ ಮಳೆ ಕಡಿಮೆ ಎಂದು ಜುಲೈ, ಆಗಸ್ಟ್ ತಿಂಗಳನ್ನು ಆರಿಸಿಕೊಳ್ಳುವವರಿದ್ದಾರೆ. ಆದರೆ ಸ್ಪಿತಿಗೆ ಹೋಗುವ ಎರಡೂ ಬಾಗಿಲುಗಳು ಮಳೆಯ ನಾಡಿನಲ್ಲಿವೆ ಎಂಬುದನ್ನು ಅವರು ಮರೆಯುತ್ತಾರೆ. ಕಿನ್ನೌರಿನ ನಿಗುಲ್ಸರಿಯಲ್ಲಿ 2021ರ ಆಗಸ್ಟ್ 11ರಂದು ಗುಡ್ಡ ಕುಸಿದು ಬಸ್ಸೂ ಇತರ ವಾಹನಗಳೂ ಮಣ್ಣಿನಡಿ ಸಿಲುಕಿದ್ದು ಇದೇ ಹೆದ್ದಾರಿಯಲ್ಲಿ. ನನ್ನ ಆಯ್ಕೆ ಸೆಪ್ಟೆಂಬರಿನ ಎರಡನೆಯ ವಾರದ ನಂತರದ ದಿನಗಳು. ಮಳೆ ಹಿಂದೆ ಸರಿಯುತ್ತಿರುತ್ತದೆ, ಹಳ್ಳಗಳ ನೀರು ಇಳಿದಿರುತ್ತದೆ, ಕಿನ್ನೌರಿನಲ್ಲಿ ಸೇಬಿನ ಲಾರಿಗಳ ಹಿಂದೆ ತೆವಳುವುದೊಂದೇ ಕಷ್ಟ. ಅದು ಕಷ್ಟವೆಂದು ನನಗೇನೂ ಅನ್ನಿಸಲಿಲ್ಲ. ಪೆಟ್ಟಿಗೆಗಟ್ಟಲೆ ಸೇಬಿನ ಪರಿಮಳ ಉಚಿತ.

ಇನ್ನು ದಿಕ್ಕು. ಮನಾಲಿಯಿಂದ ಕಾಜಾಕ್ಕೆ ಸುಮಾರು 200 ಕಿಲೋಮೀಟರ್, ಶಿಮ್ಲಾದಿಂದ ಅದರ ಎರಡು ಪಟ್ಟು. ಹತ್ತಿರದ ದಾರಿ ಎಂದು ಮನಾಲಿಯಿಂದ ಹೊರಟರೆ 2,050 ಮೀಟರಿನಲ್ಲಿ ಮಲಗಿ ಎದ್ದವರು ಅದೇ ದಿನ 4,550 ಮೀಟರಿನ ಕುಂಜುಮ್ ಏರಬೇಕಾಗುತ್ತದೆ. ದೇಹ ಇದನ್ನು ಸಹಿಸುವುದಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಶಿಮ್ಲಾ ಕಡೆಯ ದಾರಿ ಈ ಸಲಹೆಗೆಂದೇ ಕಡಿದಂತಿದೆ. ಆದ್ದರಿಂದ ಶಿಮ್ಲಾದಿಂದ ಒಳಗೆ, ಮನಾಲಿಯಿಂದ ಹೊರಗೆ, ಇದನ್ನು ಬದಲಿಸಬೇಡಿ.

ಬೆಂಗಳೂರಿನಿಂದ ಗಾಡಿ ಓಡಿಸಿಕೊಂಡೇ ಹೋಗುವವರಿಗೆ ಚಂಡೀಗಢ ಸುಮಾರು 2,400 ಕಿಲೋಮೀಟರ್. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ ಎಂದು ಎಣಿಸಿಕೊಂಡು, ಪರ್ವತದ ಒಂಬತ್ತು ದಿನಗಳನ್ನು ಅದರಿಂದ ಬೇರೆಯಾಗಿಯೇ ಇಡಿ. ಇಷ್ಟು ರಜೆ ಇಲ್ಲದಿದ್ದರೆ ಗಾಡಿಯನ್ನು ಲಾರಿಯಲ್ಲಿ ಕಳುಹಿಸಿ ವಿಮಾನದಲ್ಲಿ ಹೋಗುವುದು ಮೇಲು.

ಗಾಡಿಯಲ್ಲಿ ಏನಿದೆ, ಏನು ಸಾಲದು

ಜಿಮ್ನಿಯ ಹೊಟ್ಟೆ ನೆಲದಿಂದ 210 ಮಿಲಿಮೀಟರ್ ಎತ್ತರದಲ್ಲಿದೆ, ಥಾರ್‌ನದು 226. ಎರಡಕ್ಕೂ ನಾಲ್ಕು ಚಕ್ರದ ಚಾಲನೆಯ ಜೊತೆಗೆ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ಗೇರಿನ ಸೌಲಭ್ಯವಿರುವ ಮಾದರಿಗಳು ಶೋರೂಮಿನಲ್ಲೇ ಸಿಗುತ್ತವೆ. ಈ ಲೋ ಗೇರು ಇದ್ದರೆ ಸ್ಪಿತಿಯ ಮುಖ್ಯ ದಾರಿಯಲ್ಲಿ ನಿಮ್ಮನ್ನು ತಡೆಯುವ ಏರು ಇಲ್ಲ. ಮರೆಯಬಾರದ ಒಂದು ಮಾತೆಂದರೆ, ಇಂತಹ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ನಾಲ್ಕು ಚಕ್ರದ ಚಾಲನೆ ಹಾಕಿಕೊಂಡು ಹೋಗಬಾರದು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕಾಗಿ ಒಳಗಿನ ಹಲ್ಲುಗಳ ಮೇಲೆ ಒತ್ತಡ ಬೀಳುತ್ತದೆ. ಜಲ್ಲಿ, ಮರಳು, ನೀರು ಬಂದಾಗ ಹಾಕಿ, ಡಾಂಬರು ಬಂದಾಗ ತೆಗೆಯಿರಿ.

ಎಂಜಿನ್ನಿನ ಶಕ್ತಿ ಎತ್ತರದಲ್ಲಿ ಕುಗ್ಗುತ್ತದೆ. ಕುಂಜುಮ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ತಗ್ಗಿರುವುದರಿಂದ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅಷ್ಟೇ ಪಾಲು ದುರ್ಬಲವಾಗುತ್ತದೆ. ಟರ್ಬೊ ಡೀಸೆಲ್ಲಿಗೆ ಈ ತೊಂದರೆ ಕಡಿಮೆ. ಪೆಟ್ರೋಲ್ ಗಾಡಿಯವರು ಗಾಬರಿಯಾಗದೆ ಒಂದು ಗೇರು ಕೆಳಗಿಳಿಸಿದರೆ ಸರಿ. ಹೊರುವ ಭಾರವನ್ನು ಮಾತ್ರ ಕಡಿಮೆ ಮಾಡಲೇಬೇಕು. ಈ ಗಾಡಿಗಳಲ್ಲಿ ನಾಲ್ವರು ಕುಳಿತರೆ ಸಾಮಾನಿಗೆ ಜಾಗವಿಲ್ಲ, ಸಾಮಾನನ್ನು ಮೇಲೆ ಕಟ್ಟಿದರೆ ಪಕ್ಕಕ್ಕೆ ವಾಲಿದ ದಾರಿಯಲ್ಲಿ ಗಾಡಿ ತೂಗಾಡುತ್ತದೆ. ಇಬ್ಬರು ಹೋಗಿ, ಹಿಂದಿನ ಸೀಟು ಮಡಚಿ ಅಲ್ಲಿ ಸಾಮಾನು ಇಡಿ ಎಂಬುದೇ ನನ್ನ ಸಲಹೆ.

ಹೊರಡುವ ಮುಂಚೆ ಬ್ರೇಕ್ ಪ್ಯಾಡ್, ಬ್ಯಾಟರಿ, ಕೂಲೆಂಟ್, ಏರ್ ಫಿಲ್ಟರ್ ನೋಡಿಸಿ. ಇವು ಯಾವ ದೂರ ಪ್ರಯಾಣಕ್ಕೂ ಬೇಕಾದವು. ನಾನು ಹೆಚ್ಚು ಹೇಳಬೇಕಾದದ್ದು ಟಯರಿನ ಬಗ್ಗೆ. ಗಾಡಿಯ ಜೊತೆ ಬಂದ ಟಯರಿನಲ್ಲಿ ಹಲ್ಲು ಚೆನ್ನಾಗಿ ಉಳಿದಿದ್ದರೆ ಅದೇ ಸಾಕು, ಆದರೆ ಸ್ಟೆಪ್ನಿ ಅದೇ ಅಳತೆಯದ್ದಾಗಿರಬೇಕು ಮತ್ತು ಅದನ್ನು ನೀವೇ ಮನೆಯ ಮುಂದೆ ಒಮ್ಮೆ ಬಿಚ್ಚಿ ಹಾಕಿ ನೋಡಿರಬೇಕು. ನಾನು ಹಾಗೆ ನೋಡಿರಲಿಲ್ಲ. ಮನಾಲಿ ಕಡೆಯ ದಾರಿಯ ಛೋಟಾ ದಾರಾದ ಹತ್ತಿರ ಚೂಪುಗಲ್ಲು ಟಯರಿನ ಪಕ್ಕೆಯನ್ನು ಸೀಳಿದಾಗ, ಊರಿನ ಗ್ಯಾರೇಜಿನಲ್ಲಿ ಗಾಳಿಯ ಗನ್ನಿನಿಂದ ಬಿಗಿದಿದ್ದ ನಟ್ಟುಗಳು ಗಾಡಿಯ ಜೊತೆ ಬಂದ ಗಿಡ್ಡ ಪಾನಾಕ್ಕೆ ಜಪ್ಪಯ್ಯ ಎನ್ನಲಿಲ್ಲ. ಪಾನಾದ ಮೇಲೆ ಹತ್ತಿ ನಿಂತು ಕುಣಿದ ಮೇಲೆ ಐದರಲ್ಲಿ ನಾಲ್ಕು ಸಡಿಲವಾದವು. ಐದನೆಯದಕ್ಕೆ ಹಾಲಿನ ಕ್ಯಾನು ಹೊತ್ತ ಪಿಕಪ್ಪಿನ ಚಾಲಕನ ಉದ್ದನೆಯ ಕಬ್ಬಿಣದ ಕೊಳವೆ ಬೇಕಾಯಿತು. ಅಷ್ಟರಲ್ಲಿ ಜಾಕಿ ಸಡಿಲ ಜಲ್ಲಿಯೊಳಗೆ ಅರ್ಧ ಗೇಣು ಇಳಿದಿತ್ತು. ಈಗ ನನ್ನ ಗಾಡಿಯಲ್ಲಿ ಎರಡಡಿ ಉದ್ದದ ಕೊಳವೆಯೊಂದು, ಜಾಕಿಯ ಕೆಳಗಿಡಲು ದಪ್ಪ ಹಲಗೆಯೊಂದು ಸದಾ ಇರುತ್ತವೆ. ಇವುಗಳ ಜೊತೆಗೆ ಟಯರಿಗೆ ಗಾಳಿ ತುಂಬುವ ಸಣ್ಣ ಪಂಪು, ಪಂಕ್ಚರ್ ಹಾಕುವ ಸಾಮಗ್ರಿ, ಎಳೆಯುವ ಹಗ್ಗ ಇದ್ದರೆ ವಿಂಚಿನ ಹಣ ಉಳಿಯಿತೆಂದೇ ತಿಳಿಯಿರಿ.

ಟಯರಿನ ಒತ್ತಡದ ವಿಷಯದಲ್ಲೊಂದು ಸೋಜಿಗವಿದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕುಸಿಯುವುದರಿಂದ ಟಯರಿನ ಒತ್ತಡ ಮಾಪಕದಲ್ಲಿ ಏರಿದಂತೆ ಕಾಣಬೇಕು, 4,500 ಮೀಟರಿನಲ್ಲಿ ಸುಮಾರು ಆರು ಪಿಎಸ್‌ಐಯಷ್ಟು. ಆದರೆ ಬಯಲಿನ 35 ಡಿಗ್ರಿಯಿಂದ ಬೆಳಗಿನ 5 ಡಿಗ್ರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಅದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಒತ್ತಡ ಬಿಸಿಲೇರಿ, ಚಕ್ರ ಕಾದ ಮೇಲೆ ಮಾತ್ರ ಹೆಚ್ಚಾಗಿರುತ್ತದೆ. ಆದ್ದರಿಂದ ಪ್ರತಿದಿನ ಹೊರಡುವ ಮುಂಚೆ, ಟಯರು ತಣ್ಣಗಿರುವಾಗಲೇ ನೋಡಿ. ಕಲ್ಲುದಾರಿಯಲ್ಲಿ ನಾಲ್ಕೈದು ಪಿಎಸ್‌ಐ ಇಳಿಸಿದರೆ ಕುಲುಕಾಟ ಕಡಿಮೆಯಾಗುತ್ತದೆ; ಅದಕ್ಕಿಂತ ಹೆಚ್ಚು ಇಳಿಸಿದರೆ ಪಕ್ಕೆ ಉಬ್ಬಿ ಕಲ್ಲಿಗೆ ಸಿಗುತ್ತದೆ.

ಇಂಧನ ಮತ್ತು ಕಾಗದಪತ್ರ

ಪೆಟ್ರೋಲಿನ ಡಬ್ಬಿ ಹೊತ್ತೊಯ್ಯುವುದು ಸ್ಪಿತಿಯಲ್ಲಿ ಅನಗತ್ಯ ಅಪಾಯ. ಕಿನ್ನೌರಿನ ರೆಕಾಂಗ್ ಪಿಯೋ ಊರಿನ ಕೆಳಗಿನ ಪೊವಾರಿಯಲ್ಲಿ ಬಂಕ್ ಇದೆ, ಅಲ್ಲಿಂದ ಸುಮಾರು 200 ಕಿಲೋಮೀಟರಿಗೆ ಕಾಜಾದ ಬಂಕ್. ಕಾಜಾ ಬಿಟ್ಟರೆ ಮನಾಲಿ ಕಡೆ ಇಳಿಯುವವರೆಗೆ ಏನೂ ಇಲ್ಲ. ಚಂದ್ರತಾಲ್ ಸರೋವರಕ್ಕೆ ಹೋಗಿ ಬರುವುದನ್ನೂ ಸೇರಿಸಿದರೆ ಆ ಭಾಗ 230 ಕಿಲೋಮೀಟರ್. ಲೀಟರಿಗೆ ಹತ್ತೇ ಕಿಲೋಮೀಟರ್ ಕೊಟ್ಟರೂ 23 ಲೀಟರ್ ಸಾಕು. ಜಿಮ್ನಿಯ ಟ್ಯಾಂಕು 40 ಲೀಟರಿನದು, ಥಾರ್‌ನದು 57. ಕಾಜಾ ತಲುಪಿದ ಸಂಜೆಯೇ ಬಂಕಿಗೆ ಹೋಗಿ, ಹೊರಡುವ ದಿನಕ್ಕೆಂದು ಬಿಡಬೇಡಿ; ಟ್ಯಾಂಕರ್ ಬಾರದ ದಿನಗಳೂ ಇರುತ್ತವೆ. ನಗದು ಹಣವನ್ನು ಪಿಯೋದಲ್ಲೇ ತೆಗೆದಿಟ್ಟುಕೊಳ್ಳಿ.

ಭಾರತೀಯರಿಗೆ ಈ ಸುತ್ತಿಗೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಗಡಿ ಪ್ರದೇಶದ ಪ್ರವೇಶ ಪರವಾನಗಿ, ಬೇಕಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ಮಗಳೋ ಅಳಿಯನೋ ಜೊತೆಗಿದ್ದರೆ ಕಿನ್ನೌರಿನಿಂದ ಸ್ಪಿತಿಗೆ ದಾಟಲು ಅವರಿಗೆ ಪರ್ಮಿಟ್ ಬೇಕು. ಅದು ಪಿಯೋದಲ್ಲಿ ಸಿಗುತ್ತದೆ, ಕಚೇರಿಯ ದಿನ ನೋಡಿಕೊಂಡು ಹೋಗಿ.

ಒಂಬತ್ತು ದಿನಗಳು

ಮೊದಲ ದಿನ ಚಂಡೀಗಢದಿಂದ ಶಿಮ್ಲಾ ದಾಟಿ 2,700 ಮೀಟರಿನ ನಾರ್ಕಂಡಾ. ಎರಡನೆಯ ದಿನ ಸಟ್ಲೆಜ್ ನದಿಯ ಮಟ್ಟಕ್ಕೆ ಇಳಿದು ರಾಂಪುರ, ವಾಂಗ್ಟು, ಕರ್ಚಮ್ ಮೂಲಕ ಕಲ್ಪಾ. ಈ ಊರು 2,960 ಮೀಟರಿನಲ್ಲಿದೆ, ಎದುರಿಗೇ ಕಿನ್ನರ ಕೈಲಾಸ. ಮೂರನೆಯ ದಿನ ಅಲ್ಲೇ ಇರಿ. ನೋಡಲು ಏನಿದೆ ಎಂದು ಕೇಳಬೇಡಿ, ಅದು ನಿಮ್ಮ ರಕ್ತ ಎತ್ತರಕ್ಕೆ ಹೊಂದಿಕೊಳ್ಳಲು ಕೊಟ್ಟ ದಿನ.

ನಾಲ್ಕನೆಯ ದಿನದ್ದು ಇಡೀ ಪ್ರವಾಸದ ಅತಿ ಸೊಗಸಾದ ದಾರಿ. ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್ಜನ್ನು ಸೇರುತ್ತದೆ. ಸೇತುವೆ ದಾಟಿದ ಮೇಲೆ ರಸ್ತೆ ಬೆತ್ತಲೆ ಗುಡ್ಡದ ಮೇಲೆ ಹಾವಿನಂತೆ ಸುತ್ತಿಕೊಂಡು ನಾಕೋ ಕಡೆಗೆ ಏರುತ್ತದೆ. ಹೆಚ್ಚಿನವರು 3,660 ಮೀಟರಿನ ನಾಕೋದಲ್ಲೇ ತಂಗುತ್ತಾರೆ. ನಾನು ಅಲ್ಲಿ ಊಟ ಮುಗಿಸಿ, ಕೆರೆಗೆ ಒಂದು ಸುತ್ತು ಬಂದು, 3,280 ಮೀಟರಿನ ತಾಬೋಗೆ ಇಳಿದು ಮಲಗಿ ಎನ್ನುತ್ತೇನೆ. ಹಗಲು ಎತ್ತರ ಮುಟ್ಟಿ ರಾತ್ರಿ ಕೆಳಗೆ ಮಲಗುವುದು ದೇಹಕ್ಕೆ ಒಳ್ಳೆಯದು. ಜೊತೆಗೆ ಬೆಳಿಗ್ಗೆ ಎದ್ದರೆ 996ರಲ್ಲಿ ಸ್ಥಾಪನೆಯಾದ ತಾಬೋ ಬೌದ್ಧವಿಹಾರ ಕಾಲ್ನಡಿಗೆಯಲ್ಲಿ. ಹೊರಗಿನಿಂದ ಬರೀ ಮಣ್ಣಿನ ದಿಬ್ಬಗಳಂತೆ ಕಾಣುವ ಅದರ ಗೋಡೆಗಳೊಳಗೆ ಸಾವಿರ ವರ್ಷದ ಹಳೆಯ ವರ್ಣಚಿತ್ರಗಳಿವೆ. ಒಳಗೆ ಕತ್ತಲೆ, ಛಾಯಾಚಿತ್ರಕ್ಕೆ ಅವಕಾಶವಿಲ್ಲ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬೇಕು.

ಐದನೆಯ ದಿನ ಧಂಕರ್ ನೋಡಿಕೊಂಡು ಕಾಜಾ, ಧಂಕರ್‌ಗೆ ಹೋಗಿ ಬರುವುದನ್ನು ಬಿಟ್ಟರೆ ಬರೀ 47 ಕಿಲೋಮೀಟರಿನ ದಾರಿ. ಆರು ಮತ್ತು ಏಳನೆಯ ದಿನ ಕಾಜಾದಲ್ಲೇ ಬಿಡಾರ: ಕೀ ವಿಹಾರ, ಕಿಬ್ಬರ್ ಮತ್ತು 2017ರಲ್ಲಿ ತೆರೆದ ಚಿಚಮ್ ಸೇತುವೆ ಒಂದು ದಿನ, ಲಾಂಗ್ಜಾ, ಅಂಚೆ ಕಚೇರಿಗೆ ಹೆಸರಾದ ಹಿಕ್ಕಿಂ, ಕೊಮಿಕ್ ಇನ್ನೊಂದು ದಿನ. ಏರುವ ಗಾಡಿಗೆ ದಾರಿ ಬಿಡುವುದು ಈ ಕಿರುದಾರಿಗಳ ನಿಯಮ. ಇಳಿಯುತ್ತಿರುವವರು ನೀವಾದರೆ ಅಗಲವಾದ ಜಾಗ ಕಂಡಲ್ಲೇ ನಿಂತುಬಿಡಿ. ಇಳಿಜಾರಿನಲ್ಲಿ ಬ್ರೇಕನ್ನು ನಂಬದೆ ಯಾವ ಗೇರಿನಲ್ಲಿ ಏರಿದಿರೋ ಅದೇ ಗೇರಿನಲ್ಲಿ ಇಳಿಯಿರಿ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಮುಂದೆ ಏರಬೇಡಿ. ನಡೆಯುವಾಗ ತಡವರಿಸಿದರೆ, ಕುಳಿತಲ್ಲೇ ಏದುಸಿರು ಬಂದರೆ ಕೂಡಲೇ ಕೆಳಗಿಳಿಯಬೇಕು, ರಾತ್ರಿಯಾದರೂ ಸರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಊರಿನಲ್ಲೇ ನಿಮ್ಮ ವೈದ್ಯರನ್ನು ಕೇಳಿ. ಆಮ್ಲಜನಕದ ಪುಟ್ಟ ಡಬ್ಬಿಗಳು ಕೆಲವು ನಿಮಿಷದ ಸಮಾಧಾನ ಮಾತ್ರ.

ಹಳ್ಳಗಳ ದಿನ

ಎಂಟನೆಯ ದಿನ ಲೋಸರ್ ದಾಟಿ ಕುಂಜುಮ್. ಅಲ್ಲಿ ದೇವಿಯ ಗುಡಿಗೆ ಬಸ್ಸು ಲಾರಿಗಳೂ ಒಂದು ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗುತ್ತವೆ, ನೀವೂ ಹಾಕಿ. ಚಂದ್ರತಾಲ್ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ, ಸರೋವರದಿಂದ ಕೆಲವು ಕಿಲೋಮೀಟರ್ ಈಚೆಗೆ ಡೇರೆಗಳ ಬಿಡಾರವಿದೆ. ಇಲ್ಲಿ 4,200 ಮೀಟರಿನ ಮೇಲೆ ಮಲಗುತ್ತೀರಿ, ಹಿಂದಿನ ಏಳು ದಿನದ ತಾಳ್ಮೆಗೆ ಬೆಲೆ ಸಿಗುವುದು ಈ ರಾತ್ರಿ.

ಒಂಬತ್ತನೆಯ ದಿನ ಬೆಳಕು ಹರಿಯುತ್ತಿದ್ದಂತೆ ಹೊರಡಬೇಕು. ಬಾತಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿಲೋಮೀಟರ್ ಕಲ್ಲುದಾರಿಗೆ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ, ರಸ್ತೆಗೆ ಅಡ್ಡಲಾಗಿ ಹಿಮನದಿಗಳ ನೀರು ಹರಿಯುತ್ತದೆ. ಇಲ್ಲಿಯವರು ಇವನ್ನು ನಾಲಾ ಎನ್ನುತ್ತಾರೆ. ರಾತ್ರಿಯ ಚಳಿಗೆ ಕರಗುವುದು ನಿಂತು ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿರುವ ನೀರು, ಬಿಸಿಲೇರಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಉರುಳುಗಲ್ಲುಗಳನ್ನು ತಳ್ಳಿಕೊಂಡು ಬರುತ್ತದೆ. ಕಾಜಾದ ಟ್ಯಾಕ್ಸಿ ಚಾಲಕರಿಗೆ ಜೂಲೆ ಎಂದು ನಮಸ್ಕರಿಸಿ ವಿಚಾರಿಸಿದರೆ ಯಾವ ನಾಲಾ ಹೇಗಿದೆ ಎಂದು ಹಿಂದಿನ ಸಂಜೆಯೇ ಹೇಳುತ್ತಾರೆ.

ದಾಟುವ ಕ್ರಮ ಹೀಗೆ. ದಡದಲ್ಲಿ ನಿಂತು ಬೇರೊಂದು ಗಾಡಿ ದಾಟುವುದನ್ನು ನೋಡಿ. ಯಾರೂ ಇಲ್ಲದಿದ್ದರೆ, ನೀರಿನ ಸೆಳೆತ ಕಡಿಮೆ ಇದ್ದಾಗ ಮಾತ್ರ, ಕೋಲು ಹಿಡಿದು ಇಳಿದು ಆಳವನ್ನೂ ಅಡಿಯ ಕಲ್ಲನ್ನೂ ಅಂದಾಜು ಮಾಡಿ. ನಿಂತಿರುವಾಗಲೇ ಲೋ ಗೇರಿಗೆ ಹಾಕಿಕೊಂಡು, ಮೊದಲ ಅಥವಾ ಎರಡನೆಯ ಗೇರಿನಲ್ಲಿ ನಡಿಗೆಯ ವೇಗದಲ್ಲಿ ನೀರಿಗಿಳಿಯಿರಿ. ನಡುವೆ ಕ್ಲಚ್ ಒತ್ತಬೇಡಿ, ಗೇರು ಬದಲಿಸಬೇಡಿ, ವಿಡಿಯೊ ತೆಗೆಯುವವರಿಗಾಗಿ ನೀರು ಹಾರಿಸಬೇಡಿ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಸಾಗಬಲ್ಲದೆಂದು ಕಂಪನಿ ಹೇಳುವುದು ನಿಂತ ನೀರಿಗೆ ಸರಿ, ರಭಸದ ನೀರಿಗೆ ಅದರ ಅರ್ಧವನ್ನೇ ಮಿತಿ ಎಂದುಕೊಳ್ಳಿ. ಒಂದು ವೇಳೆ ಎಂಜಿನ್ ನೀರಿನಲ್ಲಿ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬಾರದು; ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಪಿಸ್ಟನ್ನಿನ ಕೈ ಬಾಗಿ ಎಂಜಿನ್ ಹಾಳಾಗುತ್ತದೆ. ಹಗ್ಗ ಕಟ್ಟಿ ಎಳೆಸಿಕೊಳ್ಳಿ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕಾರು ಬಾರಿ ಒತ್ತಿ ಒಣಗಿಸಿ.

ಗ್ರಾಂಫೂನಿಂದ ಎಡಕ್ಕೆ ರೋಹ್ತಾಂಗ್ ಪಾಸ್ ಹತ್ತಲು ಪ್ರತ್ಯೇಕ ಪರವಾನಗಿ ಬೇಕಾಗಬಹುದು. ಅದರ ಗೊಡವೆಯೇ ಬೇಡವೆಂದರೆ ಕೋಕ್ಸರ್ ಕಡೆಗೆ ಇಳಿದು 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ ಹಿಡಿಯಿರಿ. ಕೋಕ್ಸರ್‌ನಲ್ಲಿ ಡಾಂಬರು ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿ ನಾಲ್ಕು ಚಕ್ರದ ಚಾಲನೆ ತೆಗೆಯಿರಿ, ಟಯರಿಗೆ ಗಾಳಿ ತುಂಬಿ, ಅದೇ ಕೊಳವೆ ಹಾಕಿ ಚಕ್ರದ ನಟ್ಟುಗಳನ್ನು ಒಮ್ಮೆ ಬಿಗಿದು ನೋಡಿ. ಹೆಡ್‌ಲೈಟಿನ ಗಾಜನ್ನೂ ಒರೆಸಿಕೊಳ್ಳಿ. ಮುಂದೆ ಸಿಗುವುದು ಒಂಬತ್ತು ಕಿಲೋಮೀಟರಿನ ಸುರಂಗ, ಗಾಜಿನ ಮೇಲೆ ಸ್ಪಿತಿಯ ಮಣ್ಣು ಬೆರಳದ್ದಿದರೆ ಅಂಟುವಷ್ಟಿರುತ್ತದೆ.