ಎಂಟು ತಿಂಗಳು ನಿಂತ ಹಳೆ ಬೈಕ್ ಚಾಲೂ ಆದದ್ದು ಹೀಗೆ

ಬಾಗಲಕೋಟೆ ನವನಗರದಲ್ಲಿ ಎಂಟು ತಿಂಗಳು ನಿಂತಿದ್ದ 100 ಸಿಸಿ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಗಾಡಿ. ಚೋಕ್ ಎಳೆದು ಕಿಕ್ ಹೊಡೆದರೆ ಎರಡು ಸೆಕೆಂಡ್ ಗುರ್ ಎಂದು ಬಂದ್. ಚೋಕ್ ಇಲ್ಲದಿದ್ದರೆ ಅದೂ ಇಲ್ಲ.

ಹೊಸ ಪ್ಲಗ್ ಹಾಕಿ ಗ್ಯಾಪ್ 0.7 ಮಿ.ಮೀ. ಇಟ್ಟರೂ, ಬ್ಯಾಟರಿ ಚಾರ್ಜ್ ಮಾಡಿದರೂ, ಹೊಸ ಪೆಟ್ರೋಲ್ ತುಂಬಿದರೂ ಪ್ರಯೋಜನವಾಗಲಿಲ್ಲ. ದೂಡಿಯೂ ಆಯಿತು. ಕಿಡಿ ನೀಲಿಯಾಗಿತ್ತು, ಆದರೆ ಹತ್ತು ಕಿಕ್ ಆದಮೇಲೂ ಪ್ಲಗ್ ಒಣಗಿಯೇ ಇತ್ತು. ಅಂದರೆ ಕರೆಂಟಿನ ತಪ್ಪಲ್ಲ, ಪೆಟ್ರೋಲ್ ಒಳಗೆ ಹೋಗುತ್ತಿಲ್ಲ.

ಕಟ್ಟಿಕೊಂಡಿದ್ದು ಪೈಲಟ್ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ತೂತುಳ್ಳ ಸಣ್ಣ ಹಿತ್ತಾಳೆ ಸ್ಕ್ರೂ. ನಮ್ಮ ಕಡೆ ಬಿಸಿಲಿಗೆ ಬೌಲ್‌ನಲ್ಲಿ (ಕಾರ್ಬೊರೇಟರ್ ತಳದ ಬಟ್ಟಲು) ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಕೂದಲೆಳೆಯಂಥ ತೂತು ಮೊದಲು ಮುಚ್ಚುತ್ತದೆ.

ಪೆಟ್ರೋಲ್ ಕಾಕ್ ಬಂದ್ ಮಾಡಿ, ಡ್ರೇನ್ ಸ್ಕ್ರೂ ಸಡಿಲಿಸಿ ಹಳೆಯದನ್ನು ಬಾಟಲಿಗೆ ಇಳಿಸಿ. ಆಮೇಲೆ ಬೌಲ್ ಬಿಚ್ಚಿ, ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದಲೇ ಜೆಟ್ ತೆಗೆಯಿರಿ. ಹಿತ್ತಾಳೆ ಮೆತ್ತಗೆ, ತಲೆ ಕಿತ್ತುಹೋದರೆ ಕೆಲಸ ಕೆಟ್ಟಿತು. ಕಾರ್ಬ್ ಕ್ಲೀನರ್ ಹೊಡೆದು 20 ನಿಮಿಷ ಬಿಟ್ಟು, ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಸೂಜಿ, ಪಿನ್ ಬೇಡವೇ ಬೇಡ, ತೂತು ಅಗಲವಾಗುತ್ತದೆ. ಬೆಳಕಿಗೆ ಹಿಡಿದರೆ ದುಂಡನೆಯ ಚುಕ್ಕೆ ಕಾಣಬೇಕು. ಓರೆ ಕಂಡರೆ ಇನ್ನೂ ಕಸ ಇದೆ, ಮತ್ತೊಮ್ಮೆ ನೆನೆಸಿ. ಗಾಳಿ ಹೆಚ್ಚು-ಕಡಿಮೆ ಮಾಡುವ ಏರ್ ಸ್ಕ್ರೂ ಬಿಚ್ಚುವ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ ಸುತ್ತು ಎಣಿಸಿ. ಈ ಗಾಡಿಯಲ್ಲಿ ಎರಡು ಇತ್ತು, ಅಷ್ಟಕ್ಕೇ ಮರಳಿ ಇಟ್ಟೆ.

ಎಲ್ಲ ಮರಳಿ ಜೋಡಿಸಿ, ಕಾಕ್ ತೆರೆದು ಬೌಲ್ ತುಂಬಲು ಒಂದು ನಿಮಿಷ ಬಿಟ್ಟ ಮೇಲೆ ಮೂರನೇ ಕಿಕ್‌ಗೆ ಚಾಲೂ.